ದೇವರಕಾಡಿನ ಲೇಖನ ಏಕೆ ಮರಳಿ ಬಂತು?

ಪ್ರಶ್ನೆ: ನಾನು ದಕ್ಷಿಣ ಕೊಡಗಿನ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಬೋಧಿಸುತ್ತೇನೆ. ಪಿಎಚ್.ಡಿ.ಗಾಗಿ ಮೂರು ಊರುಗಳ ದೇವರಕಾಡುಗಳಲ್ಲಿ, ಅಂದರೆ ದೇವರಿಗೆಂದು ಊರವರು ಬಿಟ್ಟ ಕಾಡುಗಳಲ್ಲಿ, ನಾಲ್ಕು ವರ್ಷ ಕ್ಷೇತ್ರಕಾರ್ಯ ಮಾಡಿದ್ದೇನೆ. ಅದರ ಒಂದು ಅಧ್ಯಾಯವನ್ನು ಇಂಗ್ಲಿಷಿನಲ್ಲಿ ಲೇಖನವಾಗಿಸಿ, ಧರ್ಮ ಮತ್ತು ಅಭಿವೃದ್ಧಿಯ ಸಂಬಂಧವನ್ನು ಚರ್ಚಿಸುವ ವಿದೇಶಿ ಜರ್ನಲ್ ಒಂದಕ್ಕೆ ಕಳಿಸಿದೆ. ಹನ್ನೆರಡನೆಯ ದಿನಕ್ಕೇ, ಲೇಖನವನ್ನು ಅಳೆದು ನೋಡುವ ಪರಾಮರ್ಶಕರ ಕೈಗೂ ಹೋಗದೆ, ‘ನಮ್ಮ ಪತ್ರಿಕೆಯ ಚರ್ಚೆಗೆ ಈ ಲೇಖನ ಏನನ್ನು ಸೇರಿಸುತ್ತದೆ ಎಂಬುದು ಸ್ಪಷ್ಟವಿಲ್ಲ’ ಎಂಬ ಒಂದೇ ಸಾಲಿನೊಂದಿಗೆ ಮರಳಿ ಬಂತು. ದೇವರಕಾಡಿನಲ್ಲಿ ಧರ್ಮವೂ ಇದೆ, ಅಭಿವೃದ್ಧಿಯೂ ಇದೆ. ಇನ್ನೇನು ಬೇಕಿತ್ತು? ಮತ್ತೆ ಎಲ್ಲಿಗೆ, ಹೇಗೆ ಕಳಿಸಲಿ? ಕರಡನ್ನು ಜೊತೆಗಿರಿಸಿದ್ದೇನೆ.

ಉತ್ತರ: ನಿಮ್ಮ ಕರಡನ್ನು ಎರಡು ಸಲ ಓದಿದೆ. ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ಕ್ಷೇತ್ರಕಾರ್ಯ ಗಟ್ಟಿಯಾಗಿದೆ, ಲೇಖನ ಅದರ ಮುಂದೆ ಬಡವಾಗಿದೆ. ನಾಲ್ಕು ವರ್ಷ ಜಿಗಣೆ ಕಚ್ಚಿಸಿಕೊಂಡು ಅಲೆದು ತಂದದ್ದೆಲ್ಲ ಕೊನೆಯ ಪುಟಗಳಿಗೆ ಸರಿದಿದೆ. ಮೊದಲ ಹತ್ತು ಪುಟಗಳಲ್ಲಿ ಇರುವುದು ಬೇರೆಯವರು ಈಗಾಗಲೇ ಹೇಳಿರುವ ಮಾತು. ಸಂಪಾದಕರು ಹನ್ನೆರಡು ದಿನದಲ್ಲಿ ಮರಳಿಸಿದ್ದಾರೆಂದರೆ ಆ ಹತ್ತು ಪುಟಗಳನ್ನು ದಾಟಿ ಅವರು ಮುಂದೆ ಹೋಗಲಿಲ್ಲ ಎಂದೇ ಅರ್ಥ. ಅದಕ್ಕೆ ಅವರನ್ನು ದೂರಲಾರೆ. ಇಪ್ಪತ್ತು ವರ್ಷಗಳಿಂದ ಇಂಥ ಲೇಖನಗಳನ್ನು ಪರಾಮರ್ಶಿಸುತ್ತ ಬಂದಿರುವ ನಾನೂ ಸಾರಾಂಶ ಮತ್ತು ಮೊದಲ ಎರಡು ಪುಟಗಳಲ್ಲಿಯೇ ಬಹುಪಾಲು ಮನಸ್ಸು ಮಾಡಿಬಿಟ್ಟಿರುತ್ತೇನೆ.

‘ಧರ್ಮವೂ ಇದೆ, ಅಭಿವೃದ್ಧಿಯೂ ಇದೆ’ ಎಂದು ಬರೆದಿದ್ದೀರಿ. ತೊಡಕು ಇರುವುದು ಆ ಎರಡು ‘ಊ’ಗಳಲ್ಲಿ. ಎರಡು ವಸ್ತುಗಳನ್ನು ಒಂದೇ ಬುಟ್ಟಿಯಲ್ಲಿ ಇಟ್ಟ ಮಾತ್ರಕ್ಕೆ ಅವುಗಳ ಸಂಬಂಧ ಗೊತ್ತಾಗುವುದಿಲ್ಲ. ನಿಮ್ಮ ಕರಡು ಹೇಳುವುದು ಇಷ್ಟು: ಕೊಡಗಿನ ಜನರಿಗೆ ದೇವರ ಮೇಲೆ ನಂಬಿಕೆ ಇದೆ, ಆ ನಂಬಿಕೆಯಿಂದ ಕಾಡು ಉಳಿದಿದೆ, ಆದ್ದರಿಂದ ಧರ್ಮವು ಸುಸ್ಥಿರ ಅಭಿವೃದ್ಧಿಗೆ ನೆರವಾಗುತ್ತದೆ. ಈ ಮಾತನ್ನು ಹಿಮಾಲಯದ ಕಾಡಿನ ಬಗ್ಗೆ ಹೇಳಿದ್ದಾರೆ, ಘಾನಾದ ಕಾಡಿನ ಬಗ್ಗೆ ಹೇಳಿದ್ದಾರೆ, ಮೇಘಾಲಯದ ಕಾಡಿನ ಬಗ್ಗೆಯೂ ಹೇಳಿದ್ದಾರೆ. ಊರಿನ ಹೆಸರು ಬದಲಿಸಿದರೆ ನಿಮ್ಮ ಲೇಖನ ಅಲ್ಲಿಗೂ ಹೊಂದುತ್ತದೆ. ಎಲ್ಲಿಗಾದರೂ ಹೊಂದುವ ಲೇಖನವನ್ನು ಯಾವ ಸಂಪಾದಕರೂ ತಮ್ಮದೆಂದು ಹಚ್ಚಿಕೊಳ್ಳುವುದಿಲ್ಲ.

ಈಗ ನಿಮ್ಮದೇ ಹದಿನೇಳನೆಯ ಪುಟಕ್ಕೆ ಬನ್ನಿ. ಅಲ್ಲಿ ಎರಡನೆಯ ಊರಿನ ದೇವಸ್ಥಾನ ಸಮಿತಿಯ ನಡಾವಳಿ ಪುಸ್ತಕದಿಂದ ಒಂದು ನಿರ್ಣಯವನ್ನು ಎತ್ತಿ ಬರೆದಿದ್ದೀರಿ: ‘ದೇವರಕಾಡಿನ ಅಭಿವೃದ್ಧಿ ಬಗ್ಗೆ ಚರ್ಚಿಸಿ, ಗುಡಿಗೆ ಚಾವಣಿ, ಮುಂಭಾಗಕ್ಕೆ ಇಂಟರ್‌ಲಾಕ್ ಹಾಗೂ ವಾಹನ ಬರಲು ದಾರಿ ಮಾಡಿಸುವುದೆಂದು ತೀರ್ಮಾನಿಸಲಾಯಿತು.’ ಅದರ ಕೆಳಗೇ, ಅದೇ ಊರಿನ ಹಿರಿಯರೊಬ್ಬರು ‘ನಮ್ಮ ಅಯ್ಯಪ್ಪ ಬಯಲಲ್ಲಿ ಇರುವ ದೇವರು, ಅವನಿಗೆ ಸೂರು ಬೇಡ’ ಎಂದದ್ದನ್ನೂ ಕೊಟ್ಟಿದ್ದೀರಿ. ಎರಡನ್ನೂ ಕೊಟ್ಟು, ಏನೂ ಹೇಳದೆ ಮುಂದಿನ ಉಪಶೀರ್ಷಿಕೆಗೆ ಹೋಗಿಬಿಟ್ಟಿದ್ದೀರಿ. ಇದನ್ನು ಓದಿದಾಗ ನಾನು ಕುರ್ಚಿಯಿಂದ ಎದ್ದು ನಿಂತೆ. ನಿಮ್ಮ ಲೇಖನ ಇರುವುದೇ ಇಲ್ಲಿ!

ನೋಡಿ, ‘ಅಭಿವೃದ್ಧಿ’ ಎಂಬುದು ನಮ್ಮ ಊರುಗಳಲ್ಲಿ ವಿಶ್ವಸಂಸ್ಥೆಯ ವರದಿಯಿಂದ ಇಳಿದು ಬಂದ ಪದವಾಗಿ ಉಳಿದಿಲ್ಲ. ಅದು ದೇವಸ್ಥಾನದ ರಸೀದಿ ಪುಸ್ತಕದ ಮೇಲಿದೆ. ಹರಕೆ ಒಪ್ಪಿಸಲು ಬಂದವರು ‘ಅಭಿವೃದ್ಧಿ ನಿಧಿ’ಗೆ ಐನೂರು ರೂಪಾಯಿ ಬರೆಸುತ್ತಾರೆ. ‘ಜೀರ್ಣೋದ್ಧಾರ’ ಎಂಬ ಹಳೆಯ ಪದದ ಪಕ್ಕದಲ್ಲಿ ಅದು ಕುಳಿತಿದೆ. ಕೆಲವೊಮ್ಮೆ ಅದರ ಜಾಗವನ್ನೇ ಹಿಡಿದಿದೆ. ಜರ್ನಲ್ಲುಗಳು ಧರ್ಮ ಒಂದು ಕಡೆ, ಅಭಿವೃದ್ಧಿ ಇನ್ನೊಂದು ಕಡೆ ಎಂದಿಟ್ಟು ನಡುವೆ ಸೇತುವೆ ಕಟ್ಟುವ ಮಾತಾಡುತ್ತವೆ. ನಿಮ್ಮ ಊರಿನಲ್ಲಿ ಅಭಿವೃದ್ಧಿ ಎಂಬುದು ದೇವರಿಗೆ ಮಾಡುವ ಸೇವೆಯ ಹೆಸರೇ ಆಗಿಬಿಟ್ಟಿದೆ, ಮತ್ತು ಆ ಸೇವೆಯ ಭಾರಕ್ಕೆ ಕಾಡು ಕುಗ್ಗುತ್ತಿದೆ. ಚಾವಣಿ ಹಾಕಿದವರು ನಾಸ್ತಿಕರಲ್ಲ, ಲಾಭಕೋರರಲ್ಲ, ಭಕ್ತರು. ಸೂರು ಬೇಡ ಎಂದ ಹಿರಿಯರೂ ಭಕ್ತರೇ. ಭಕ್ತಿ ಕಾಡನ್ನು ಉಳಿಸುತ್ತದೆ ಎಂಬ ಸಿದ್ಧ ಸೂತ್ರ ಇಲ್ಲಿ ಮುರಿಯುತ್ತದೆ, ಮುರಿದ ಜಾಗದಲ್ಲಿ ನಿಜವಾದ ಪ್ರಶ್ನೆ ಏಳುತ್ತದೆ: ಯಾರ ಭಕ್ತಿ, ಯಾವ ದೇವರ ಕಲ್ಪನೆ, ಯಾರ ಹಣದಲ್ಲಿ, ಯಾವಾಗಿನಿಂದ ‘ಅಭಿವೃದ್ಧಿ’ ಎಂಬ ಮಾತನ್ನು ಎತ್ತಿಕೊಂಡಿತು? ಆ ನಡಾವಳಿ ಪುಸ್ತಕ ನಿಮ್ಮ ಕೈಗೆ ಸಿಕ್ಕಿದೆ. ಅದರ ಹಿಂದಿನ ಪುಟಗಳಿಗೆ ಹೋಗಿ ಈ ಪದ ಮೊದಲು ಯಾವ ವರ್ಷದ ನಿರ್ಣಯದಲ್ಲಿ ಬಂತು, ಅದಕ್ಕೆ ಮುಂಚೆ ಅದೇ ಕೆಲಸವನ್ನು ಏನೆಂದು ಕರೆಯುತ್ತಿದ್ದರು ಎಂದು ಹುಡುಕಿ. ಹಣ ಮುಜರಾಯಿ ಅನುದಾನದಿಂದ ಬಂತೇ, ಶಾಸಕರ ನಿಧಿಯಿಂದಲೇ, ಬೆಂಗಳೂರಿನಲ್ಲಿ ನೆಲೆಸಿದ ಒಕ್ಕದವರ, ಅಂದರೆ ಮನೆತನದವರ, ಕಾಣಿಕೆಯಿಂದಲೇ ಎಂದೂ ನೋಡಿ. ಇಷ್ಟು ಮಾಡಿದರೆ ಆ ಲೇಖನವನ್ನು ನಿಮ್ಮನ್ನು ಬಿಟ್ಟು ಬೇರೆ ಯಾರೂ ಬರೆಯಲಾರರು.

ಇಂಥ ಜರ್ನಲ್ಲುಗಳು ಯಾವ ಚರ್ಚೆಯ ಮುಂದುವರಿಕೆ ಎಂಬುದು ತಿಳಿದಿದ್ದರೆ ನಿಮ್ಮ ಮಾತನ್ನು ಎಲ್ಲಿ ಹೂಡಬೇಕೆಂಬುದು ತಿಳಿಯುತ್ತದೆ. ಎರಡನೆಯ ಮಹಾಯುದ್ಧದ ನಂತರ ಬಹುಕಾಲ ಅಭಿವೃದ್ಧಿಯ ಅಧ್ಯಯನ ಧರ್ಮವನ್ನು ಮುಟ್ಟಲೇ ಇಲ್ಲ. ಆಧುನಿಕತೆ ಬಂದಂತೆ ಧರ್ಮ ತಾನಾಗಿ ಹಿಂದೆ ಸರಿಯುತ್ತದೆ ಎಂಬ ನಂಬಿಕೆ ಅದಕ್ಕೆ ಕಾರಣವಾಗಿತ್ತು. 1998ರಲ್ಲಿ ವಿಶ್ವಬ್ಯಾಂಕಿನ ಅಂದಿನ ಅಧ್ಯಕ್ಷ ಜೇಮ್ಸ್ ವುಲ್ಫೆನ್‌ಸನ್ ಮತ್ತು ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಜಾರ್ಜ್ ಕ್ಯಾರಿ ಸೇರಿ ಧರ್ಮಗಳು ಮತ್ತು ಅಭಿವೃದ್ಧಿ ಸಂಸ್ಥೆಗಳ ನಡುವೆ ಮಾತುಕತೆ ಆರಂಭಿಸಿದರು. 2000ದಲ್ಲಿ ಕರ್ಟ್ ಆಲನ್ ವೆರ್ ಬೀಕ್ ಎಂಬ ವಿದ್ವಾಂಸರು ಅಧ್ಯಾತ್ಮವು ಅಭಿವೃದ್ಧಿ ಅಧ್ಯಯನದ ನಿಷಿದ್ಧ ವಸ್ತುವಾಗಿದೆ ಎಂದು ವಾದಿಸಿ ಬರೆದ ಲೇಖನ ಬಹಳ ಚರ್ಚೆಗೆ ಬಂತು. 2005ರಿಂದ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಬ್ರಿಟಿಷ್ ಸರ್ಕಾರದ ನೆರವಿನಿಂದ ಇದಕ್ಕಾಗಿಯೇ ಒಂದು ಸಂಶೋಧನಾ ಕಾರ್ಯಕ್ರಮ ನಡೆಯಿತು. 2015ರಲ್ಲಿ ವಿಶ್ವಸಂಸ್ಥೆ 17 ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಒಪ್ಪಿಕೊಂಡ ಮೇಲೆ ಮಠ, ಚರ್ಚು, ಮಸೀದಿಗಳನ್ನು ‘ಪಾಲುದಾರರು’ ಎಂದು ಕರೆಯುವ ರೂಢಿ ಬಲವಾಯಿತು. ಆ ರೂಢಿಯನ್ನು ಟೀಕಿಸುವವರೂ ಅಷ್ಟೇ ಬಲವಾಗಿ ಬರೆಯುತ್ತಿದ್ದಾರೆ: ಧರ್ಮವನ್ನು ಉಪಕರಣವಾಗಿಸಬೇಡಿ, ಶೌಚಾಲಯ ಕಟ್ಟಿಸಲು ಮತ್ತು ಲಸಿಕೆ ಹಾಕಿಸಲು ಮಾತ್ರ ದೇವರನ್ನು ನೆನೆಯಬೇಡಿ ಎಂದು. ವಿದ್ವಾಂಸೆ ಎಮ್ಮಾ ಟೊಮಾಲಿನ್ ಅವರಂತೂ ಪವಿತ್ರ ಎಂದು ಜನ ಕಾಣುವುದು ಬೇರೆ, ಪರಿಸರವಾದ ಬೇರೆ, ಒಂದನ್ನು ಇನ್ನೊಂದರ ಬಾಯಲ್ಲಿ ತುರುಕಬಾರದು ಎಂಬ ಎಚ್ಚರವನ್ನು ಭಾರತದ ನಿದರ್ಶನಗಳಿಂದಲೇ ಕೊಟ್ಟಿದ್ದಾರೆ. ನಿಮ್ಮ ಹದಿನೇಳನೆಯ ಪುಟ ಮಾತಾಡಬೇಕಾದದ್ದು ಇವರೊಂದಿಗೆ. ಈ ಚರಿತ್ರೆಯನ್ನೆಲ್ಲ ಲೇಖನದಲ್ಲಿ ಮತ್ತೆ ಹೇಳಬೇಡಿ. ಆ ಓದುಗರಿಗೆ ಅದು ಗೊತ್ತು. ಒಂದು ಪ್ಯಾರಾ ಸಾಕು. ಹದಿನೈದನೆಯ ಗುರಿ ಭೂಮಿಯ ಮೇಲಿನ ಜೀವಸಂಕುಲದ್ದು ಎಂದು ಅಲ್ಲೊಂದು ಇಲ್ಲೊಂದು ಅಂಟಿಸಿರುವುದನ್ನೂ ಕಿತ್ತುಹಾಕಿ.

ಇನ್ನು ಅಂಕಿಗಳು. ‘ಕೊಡಗಿನಲ್ಲಿ 1,214 ದೇವರಕಾಡುಗಳಿವೆ’ ಎಂಬ ವಾಕ್ಯದಿಂದ ಲೇಖನ ಆರಂಭಿಸಿದ್ದೀರಿ. ಎಲ್ಲರೂ ಹಾಗೆಯೇ ಆರಂಭಿಸುತ್ತಾರೆ. ಮುಂದಿನ ವಾಕ್ಯದಲ್ಲಿ, 1905ರಲ್ಲಿ 15,506 ಎಕರೆ ಇದ್ದದ್ದು 1985ರ ಹೊತ್ತಿಗೆ 6,299 ಎಕರೆಗೆ ಇಳಿಯಿತು, ಇದು ನಂಬಿಕೆ ಕುಸಿದುದರ ಗುರುತು ಎಂದಿದ್ದೀರಿ. ಅಂಕಿಗಳು ದಾಖಲೆಯಲ್ಲಿರುವುದು ನಿಜ. ಆದರೆ ಆ ಎರಡು ವರ್ಷಗಳೇ ಏಕೆ ಎಂದು ಕೇಳಿಕೊಂಡಿರಾ? 1905ರಲ್ಲಿ ದೇವರಕಾಡುಗಳ ಹೊಣೆ ಕಂದಾಯ ಇಲಾಖೆಗೆ ಹೋಯಿತು, 1985ರಲ್ಲಿ ಅರಣ್ಯ ಇಲಾಖೆಗೆ ಮರಳಿತು. ಅಂದರೆ ಅವು ಕಾಡು ಒಂದು ಇಲಾಖೆಯ ಕೈಯಿಂದ ಇನ್ನೊಂದರ ಕೈಗೆ ಹೋದಾಗಿನ ಲೆಕ್ಕಗಳು. ನಡುವಿನ ಎಂಬತ್ತು ವರ್ಷಗಳಲ್ಲಿ ಕಾಫಿ ತೋಟಗಳು ಹಬ್ಬಿದವು, ಒತ್ತುವರಿ ಆಯಿತು, ಮನೆಗಳು ಎದ್ದವು. ಅದರಲ್ಲಿ ನಂಬಿಕೆಯ ಪಾಲೆಷ್ಟು, ಕಡತದ ಪಾಲೆಷ್ಟು ಎಂದು ಬಿಡಿಸದೆ ‘ನಂಬಿಕೆ ಕುಸಿಯಿತು’ ಎಂದು ಬರೆದರೆ ಕೊಡಗನ್ನು ಬಲ್ಲ ಪರಾಮರ್ಶಕರು ಅಲ್ಲಿಯೇ ಪೆನ್ನು ಕೆಳಗಿಡುತ್ತಾರೆ. ಈ ಕಾಡುಗಳ ಸಾಮಾಜಿಕ ಇತಿಹಾಸವನ್ನು ಎಂ.ಎ. ಕಲಾಂ ಅವರು 1996ರಲ್ಲಿಯೇ ಬರೆದಿದ್ದಾರೆ. ಪೊನ್ನಂಪೇಟೆಯ ಅರಣ್ಯ ಕಾಲೇಜಿನ ಸಿ.ಜಿ. ಕುಶಾಲಪ್ಪ ಮತ್ತು ಶೋನಿಲ್ ಭಾಗವತ್ ಮೊದಲಾದವರು ಇಲ್ಲಿನ ಜೀವವೈವಿಧ್ಯದ ಬಗ್ಗೆ 2005ರಲ್ಲಿ ಪ್ರಕಟಿಸಿದ್ದಾರೆ. ಮೂಲವನ್ನು ಓದಿ ಉಲ್ಲೇಖಿಸಿ. ಅಂತರ್ಜಾಲದಲ್ಲಿ ಸುತ್ತಿಬಂದ ಅಂಕಿಯನ್ನು ಎತ್ತಿಕೊಳ್ಳಬೇಡಿ.

ಎಂ.ಎನ್. ಶ್ರೀನಿವಾಸರ ವಿಷಯವನ್ನೂ ಹೇಳಲೇಬೇಕು. ಕೊಡಗು, ಧರ್ಮ ಎಂಬ ಎರಡು ಪದ ಒಟ್ಟಿಗೆ ಕಂಡೊಡನೆ ಜಗತ್ತಿನ ಯಾವ ಸಮಾಜಶಾಸ್ತ್ರಜ್ಞರಿಗೂ ನೆನಪಾಗುವುದು ಕೂರ್ಗರ ಧರ್ಮ ಮತ್ತು ಸಮಾಜದ ಬಗ್ಗೆ 1952ರಲ್ಲಿ ಪ್ರಕಟವಾದ ಅವರ ಪುಸ್ತಕ. ನೀವು ಅದನ್ನು ಒಂದು ಅಡಿಟಿಪ್ಪಣಿಯಲ್ಲಿ ನಮಸ್ಕರಿಸಿ ದಾಟಿದ್ದೀರಿ. ಅದು ಸಲ್ಲದು. ಕೆಳಗಿನ ಜಾತಿಗಳು ಮೇಲಿನವರ ಆಚರಣೆಗಳನ್ನು ತಮ್ಮದಾಗಿಸಿಕೊಳ್ಳುವುದನ್ನು ಹೇಳುವ ‘ಸಂಸ್ಕೃತೀಕರಣ’ ಎಂಬ ಪರಿಕಲ್ಪನೆ ರೂಪುಗೊಂಡದ್ದೇ ಅಲ್ಲಿ. ಬಯಲಿನ ಅಯ್ಯಪ್ಪನಿಗೆ ಚಾವಣಿಯೂ ಕಲಶವೂ ಬರುವುದನ್ನು ಆ ಪದ ವಿವರಿಸುತ್ತದೆಯೇ, ಇಲ್ಲವೇ ಎಂದು ಹೇಳುವ ಹೊಣೆ ನಿಮ್ಮದು. ಆಕ್ಸ್‌ಫರ್ಡಿನಲ್ಲಿ ಮಾನವಶಾಸ್ತ್ರಜ್ಞ ರ‍್ಯಾಡ್‌ಕ್ಲಿಫ್-ಬ್ರೌನ್ ಅವರ ಪ್ರಭಾವದಲ್ಲಿ ಬರೆದ ಪುಸ್ತಕ ಅದು. ಆಚರಣೆ ಸಮಾಜವನ್ನು ಹೇಗೆ ಕೂಡಿಸಿ ಹಿಡಿಯುತ್ತದೆ ಎಂಬುದರ ಮೇಲೆ ಅದರ ಕಣ್ಣು. ನಿಮ್ಮ ನಡಾವಳಿ ಪುಸ್ತಕದಲ್ಲಿ ಇರುವುದು ಆಚರಣೆಯ ಸುತ್ತ ಎದ್ದ ಜಗಳ. ಶ್ರೀನಿವಾಸರನ್ನು ಒಪ್ಪಿ, ಒಪ್ಪದೆ, ಎರಡೂ ಬಗೆಯಲ್ಲಿ ಅವರೊಂದಿಗೆ ಎರಡು ಪುಟ ವಾದ ಮಾಡಿ. ಇಂಥ ದೊಡ್ಡವರೊಂದಿಗೆ ನೇರವಾಗಿ ಮಾತಾಡುವ ಧೈರ್ಯ ಕೊಡಗಿನಲ್ಲೇ ಕುಳಿತು ಬರೆಯುವವರಿಗೆ ಇಲ್ಲದಿದ್ದರೆ ಇನ್ನಾರಿಗೆ ಬರಬೇಕು?

ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ನನ್ನ ಮೊದಲ ಇಂಗ್ಲಿಷ್ ಲೇಖನದಲ್ಲಿ, ಮಣ್ಣಿನ ನಾಯಿಗಳನ್ನು ಹರಕೆಯಾಗಿ ಒಪ್ಪಿಸುವ ಒಂದು ಅಯ್ಯಪ್ಪನ ಕಾಡಿನ ಬಗ್ಗೆ ಬರೆಯುತ್ತ, ಜನ ‘ದೇವರ ಭಯದಿಂದ’ ಅಲ್ಲಿನ ಒಣಕೊಂಬೆಯನ್ನೂ ಮುಟ್ಟುವುದಿಲ್ಲ ಎಂದು ಬರೆದಿದ್ದೆ. ಲೇಖನ ಅಚ್ಚಾಯಿತು. ಕೆಲವು ತಿಂಗಳ ಮೇಲೆ ಆ ಊರಿನ ತಕ್ಕರ, ಅಂದರೆ ದೇವರ ಕಾರ್ಯ ನಡೆಸುವ ಮುಖ್ಯಸ್ಥರ, ಮನೆಗೆ ಹೋಗಿ, ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಿದೆ. ಅವರು ಕಾಫಿ ಲೋಟವನ್ನು ಕೆಳಗಿಟ್ಟು ಕೇಳಿದರು: ‘ನಿಮ್ಮ ತಾಯಿಯ ಪೆಟ್ಟಿಗೆಯಿಂದ ನೀವು ದುಡ್ಡು ತೆಗೆಯುವುದಿಲ್ಲವಲ್ಲ, ಅದು ಭಯವೇ?’ ನನ್ನ ಬಳಿ ಉತ್ತರವಿರಲಿಲ್ಲ. ಅಚ್ಚಾದದ್ದನ್ನು ತಿದ್ದುವಂತೆಯೂ ಇರಲಿಲ್ಲ. ‘ಭಯ’ ಎಂಬ ಪದವನ್ನು ನಾನು ಅಲ್ಲಿ ಕೇಳಿಸಿಕೊಂಡಿರಲಿಲ್ಲ. ಇಂಗ್ಲಿಷ್ ಪುಸ್ತಕಗಳಲ್ಲಿ ಓದಿ ಅಲ್ಲಿಗೆ ಹೊತ್ತೊಯ್ದಿದ್ದೆ. ನಿಮ್ಮ ಕರಡಿನ ಆರನೆಯ ಪುಟದಲ್ಲಿ ಅದೇ ಪದ ಮೂರು ಸಲ ಇದೆ. ನಿಮ್ಮ ಧ್ವನಿಮುದ್ರಣಗಳನ್ನು ಮತ್ತೆ ಕೇಳಿ, ಜನ ನಿಜಕ್ಕೂ ಯಾವ ಪದ ಬಳಸಿದ್ದಾರೆ ನೋಡಿ.

ಈ ಕಾರಣಕ್ಕೇ ಮೊದಲ ಕರಡನ್ನು ಕನ್ನಡದಲ್ಲಿ ಬರೆಯಿರಿ ಎನ್ನುತ್ತೇನೆ. ಇಂಗ್ಲಿಷಿನಲ್ಲಿ ಬರೆಯತೊಡಗಿದರೆ ಸಿದ್ಧವಾಗಿ ಕಾದಿರುವ ನುಡಿಗಟ್ಟುಗಳು ನಮ್ಮನ್ನು ಎಳೆದುಕೊಂಡು ಹೋಗುತ್ತವೆ. ಕನ್ನಡದಲ್ಲಿ ‘ಸಮುದಾಯದ ಪಾಲ್ಗೊಳ್ಳುವಿಕೆ’ ಎಂದು ಬರೆದೊಡನೆ ನಿಮಗೇ ಕಸಿವಿಸಿಯಾಗಿ, ಯಾರು ಬಂದಿದ್ದರು, ಯಾರು ಹೊರಗೆ ನಿಂತಿದ್ದರು ಎಂದು ಬರೆಯುತ್ತೀರಿ. ವಾದ ಗಟ್ಟಿಯಾದ ಮೇಲೆ ಇಂಗ್ಲಿಷಿಗೆ ತನ್ನಿ. ದೇವರಕಾಡು, ತಕ್ಕ, ಒಕ್ಕ, ಭಂಡಾರ, ಹರಕೆ ಇವನ್ನು ಅನುವಾದಿಸಬೇಡಿ. ಮೊದಲ ಸಲ ಬಂದಾಗ ಒಂದು ವಾಕ್ಯದಲ್ಲಿ ವಿವರಿಸಿ, ಆಮೇಲೆ ಮೂಲಪದವನ್ನೇ ನಡೆಸಿ. ಯಾವುದು ಕೊಡವರ ಭಾಷೆಯಾದ ಕೊಡವ ತಕ್ಕ್, ಯಾವುದು ಕನ್ನಡ, ಯಾವುದು ಇಲ್ಲಿನ ಬುಡಕಟ್ಟಿನವರಾದ ಎರವರ ಮಾತು ಎಂದು ಗುರುತಿಸಿ. ಈಗ ನಿಮ್ಮ ಕರಡಿನಲ್ಲಿ ಮೂರೂ ಒಂದೇ ‘ಸ್ಥಳೀಯ ಭಾಷೆ’ಯಾಗಿ ಬೆರೆತುಹೋಗಿವೆ. ರೋಮನ್ ಲಿಪಿಯಲ್ಲಿ ದೇವರಕಾಡನ್ನು ನಾಲ್ಕು ಬಗೆಯಲ್ಲಿ ಬರೆದಿದ್ದೀರಿ. ಒಂದು ಪದ್ಧತಿ ಹಿಡಿದು ಕೊನೆಯವರೆಗೆ ಪಾಲಿಸಿ.

ಎರವರ ಮಾತು ಎಂದೆ. ನಿಮ್ಮ ಸಂದರ್ಶನಗಳ ಪಟ್ಟಿಯಲ್ಲಿ ಮೂವತ್ತೊಂದು ಮಂದಿ ಇದ್ದಾರೆ. ಅವರಲ್ಲಿ ಇಪ್ಪತ್ತಾರು ಮಂದಿ ಭೂಮಿ ಇರುವ ಒಕ್ಕಗಳ ಗಂಡಸರು. ತೋಟದ ಕೂಲಿಕಾರರ ಸಾಲುಮನೆಗಳಾದ ಲೈನ್ ಮನೆಗಳಲ್ಲಿ ಇರುವ ಎರವರು ಮೂವರು, ಅದೂ ತೋಟದ ಮಾಲೀಕರ ಅಂಗಳದಲ್ಲಿ, ಮಾಲೀಕರ ಎದುರಿಗೆ ಮಾತಾಡಿದವರು ಎಂದು ನಿಮ್ಮ ಟಿಪ್ಪಣಿಯೇ ಹೇಳುತ್ತದೆ. ಅದನ್ನು ಒಪ್ಪಿಗೆ ಎಂದು ಕರೆಯಲಾಗದು. ಸಹಿ ಹಾಕಿದ ಕಾಗದ ಇದ್ದರೂ ಕರೆಯಲಾಗದು. ಆ ದೇವರಕಾಡಿನ ಹಬ್ಬದಲ್ಲಿ ಎರವರಿಗೂ ಪಣಿಯರಿಗೂ ಕುಡಿಯರಿಗೂ ತಮ್ಮದೇ ಕೆಲಸ, ತಮ್ಮದೇ ಹಕ್ಕು ಇರುತ್ತದೆ. ಇಂಟರ್‌ಲಾಕ್ ಬಂದ ಮೇಲೆ ಅವರು ನಿಲ್ಲುವ ಜಾಗ ಏನಾಯಿತು? ದಾರಿ ಅಗಲವಾದ ಮೇಲೆ ಸೊಪ್ಪು, ಜೇನು, ಅಣಬೆಗೆ ಅವರು ಹೋಗುತ್ತಿದ್ದ ಅಂಚು ಏನಾಯಿತು? ಅಭಿವೃದ್ಧಿಯ ಬಗ್ಗೆ ಬರೆಯುವ ಲೇಖನ ಇದನ್ನು ಕೇಳದಿದ್ದರೆ ಪರಾಮರ್ಶಕರು ಕೇಳಿಯೇ ಕೇಳುತ್ತಾರೆ. ಅದಕ್ಕಿಂತ ಮಿಗಿಲಾಗಿ, ಆ ಪ್ರಶ್ನೆಯ ಋಣ ನಿಮ್ಮ ಮೇಲಿದೆ. ಮತ್ತೊಮ್ಮೆ ಹೋಗಿ. ಸಂಜೆ ಕೆಲಸ ಮುಗಿದ ಮೇಲೆ, ಅವರ ಭಾಷೆ ಬಲ್ಲ ಹೆಣ್ಣುಮಗಳೊಬ್ಬಳನ್ನು ಜೊತೆಗೆ ಕರೆದುಕೊಂಡು ಹೋಗಿ.

ಹೆಸರು ಮರೆಮಾಡುವ ವಿಷಯದಲ್ಲಿ ಕೊಡಗು ಬಹಳ ಕಷ್ಟದ ಜಾಗ. ಬೇರೆ ಕಡೆ ‘ಶ್ರೀಮತಿ ಎ.’ ಎಂದು ಬರೆದರೆ ವ್ಯಕ್ತಿ ಮರೆಯಾಗುತ್ತಾಳೆ. ಇಲ್ಲಿ ಒಕ್ಕದ ಹೆಸರೇ ಮನುಷ್ಯನ ಹೆಸರಿನ ಮೊದಲ ಭಾಗ. ನೀವು ವ್ಯಕ್ತಿಯ ಹೆಸರನ್ನು ಬದಲಿಸಿ ಒಕ್ಕದ ಹೆಸರನ್ನು ಹಾಗೆಯೇ ಉಳಿಸಿದ್ದೀರಿ, ಮೇಲೆ ಅವರು ಸಮಿತಿಯ ಖಜಾಂಚಿ ಎಂದೂ ಬರೆದಿದ್ದೀರಿ. ನಾಪೋಕ್ಲುವಿನಿಂದ ಕುಟ್ಟದವರೆಗೆ ಯಾರು ಓದಿದರೂ ಅದು ಯಾರೆಂದು ಹೇಳುತ್ತಾರೆ. ದೇವರಕಾಡಿನಲ್ಲಿ ಒತ್ತುವರಿಯ ಮಾತಿದೆ, ಅಂದರೆ ಕಾನೂನಿನ ತೊಡಕೂ ಇದೆ. ಆದ್ದರಿಂದ ಒಕ್ಕ, ಊರು, ದೇವರ ಸ್ಥಳನಾಮ ಮೂರನ್ನೂ ಬದಲಿಸಿ. ಜಿಪಿಎಸ್ ಗುರುತಿರುವ ನಕ್ಷೆಯನ್ನು ತೆಗೆಯಿರಿ. ಕಾಡಿನೊಳಗಿನ ಗುಡಿಯ ಫೋಟೊಗೆ ತಕ್ಕರ ಒಪ್ಪಿಗೆಯನ್ನು ಬೇರೆಯಾಗಿ ಕೇಳಿ. ಕೆಲವು ದೇವರುಗಳ ಫೋಟೊ ತೆಗೆಯುವುದೇ ಸಲ್ಲದು ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನಿಮ್ಮ ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಅನುಮತಿ ಪತ್ರವಿದ್ದರೆ ಅದರ ಉಲ್ಲೇಖ ಲೇಖನದಲ್ಲಿ ಇರಲಿ; ಸಮಿತಿಯೇ ಇಲ್ಲದಿದ್ದರೆ, ಒಪ್ಪಿಗೆಯನ್ನು ಹೇಗೆ ಪಡೆದಿರಿ ಎಂದು ನಾಲ್ಕು ವಾಕ್ಯಗಳಲ್ಲಿ ಪ್ರಾಮಾಣಿಕವಾಗಿ ಬರೆಯಿರಿ. ನೀವು ಅದೇ ನಾಡಿನವರು, ಒಂದು ಊರಿನಲ್ಲಿ ನಿಮ್ಮ ಬಂಧುಗಳೂ ಇದ್ದಾರೆ ಎಂಬುದನ್ನೂ ಮುಚ್ಚಬೇಡಿ. ಅದರಿಂದ ಏನು ಕಂಡಿತು, ಏನು ಕಾಣದೆ ಹೋಯಿತು ಎಂದು ಹೇಳಿದರೆ ಅದು ಲೇಖನದ ಬಲ.

ಸಾರಾಂಶವನ್ನು ಕೊನೆಗೆ ಬರೆಯಿರಿ. ಈಗಿನದು ‘ಈ ಲೇಖನವು ಕೊಡಗಿನ ದೇವರಕಾಡುಗಳ ಧಾರ್ಮಿಕ ಹಾಗೂ ಪಾರಿಸರಿಕ ಮಹತ್ವವನ್ನು ಪರಿಶೀಲಿಸುತ್ತದೆ’ ಎಂದು ಶುರುವಾಗುತ್ತದೆ. ಪರಿಶೀಲಿಸಿ ಕಂಡದ್ದೇನು? ಅದನ್ನು ಹೇಳಿ. ನಾನಾದರೆ ಹೀಗೆ ಬರೆಯುತ್ತಿದ್ದೆ: ‘ಧರ್ಮ ಮತ್ತು ಅಭಿವೃದ್ಧಿಯನ್ನು ಎರಡು ಬೇರೆ ಕ್ಷೇತ್ರಗಳೆಂದು ಎಣಿಸುವ ಅಧ್ಯಯನಗಳು, ಅಭಿವೃದ್ಧಿ ಎಂಬ ಪದವನ್ನು ಭಕ್ತರೇ ತಮ್ಮ ಸೇವೆಯ ಹೆಸರಾಗಿಸಿಕೊಂಡಾಗ ಏನಾಗುತ್ತದೆ ಎಂಬುದನ್ನು ಗಮನಿಸಿಲ್ಲ. ದಕ್ಷಿಣ ಕೊಡಗಿನ ಒಂದು ದೇವಸ್ಥಾನ ಸಮಿತಿಯ ನಡಾವಳಿಗಳು ಮತ್ತು ಸಂದರ್ಶನಗಳ ಆಧಾರದಿಂದ, ಬಯಲಿನ ದೇವರಿಗೆ ಚಾವಣಿ ಕಟ್ಟುವ ವಿವಾದವು ಕಾಡಿನ ಮೇಲಿನ ಹಕ್ಕಿನ ವಿವಾದವೂ ಹೌದು ಎಂದು ಈ ಲೇಖನ ತೋರಿಸುತ್ತದೆ.’ ಮೂರು ಊರುಗಳಲ್ಲಿ ಎರಡನ್ನು ಬಿಡಬೇಕಾಗುತ್ತದೆ. ಬಿಡಿ. ಅವು ಪುಸ್ತಕಕ್ಕೆ ಉಳಿದಿರಲಿ. ಪಿಎಚ್.ಡಿ. ಅಧ್ಯಾಯದಲ್ಲಿ ಓದಿದ್ದೆಲ್ಲವನ್ನೂ ತೋರಿಸಬೇಕಾಗುತ್ತದೆ. ಲೇಖನದಲ್ಲಿ ಒಂದೇ ಮಾತನ್ನು ಸಾಧಿಸಬೇಕಾಗುತ್ತದೆ.

ಎಲ್ಲಿಗೆ ಕಳಿಸಬೇಕು ಎಂದು ಕೇಳಿದ್ದೀರಿ. ವಾದ ಸ್ಪಷ್ಟವಾದ ಮೇಲೆ ಜಾಗ ತಾನೇ ಕಾಣುತ್ತದೆ: ನೀವು ಯಾರ ಲೇಖನಗಳೊಂದಿಗೆ ವಾದ ಮಾಡುತ್ತಿದ್ದೀರೋ ಅವು ಹೆಚ್ಚು ಪ್ರಕಟವಾಗಿರುವುದು ಎಲ್ಲಿ ನೋಡಿ. ಆ ಪತ್ರಿಕೆಯ ಕಳೆದ ಎರಡು ವರ್ಷಗಳ ಸಂಚಿಕೆಗಳನ್ನು ತಿರುವಿ. ಸಂಶೋಧನಾ ಲೇಖನವಲ್ಲದೆ ಕ್ಷೇತ್ರದ ಅನುಭವ ಹೇಳುವ ಚಿಕ್ಕ ಬರಹಗಳಿಗೂ ಕೆಲವು ಜರ್ನಲ್ಲುಗಳಲ್ಲಿ ವಿಭಾಗವಿರುತ್ತದೆ. ಬಡ್ತಿಗೆ ಯಾವುದು ಲೆಕ್ಕಕ್ಕೆ ಬರುತ್ತದೆ ಎಂದು ಮೊದಲೇ ವಿಚಾರಿಸಿಕೊಳ್ಳಿ. ಎಲ್ಲರೂ ಉಚಿತವಾಗಿ ಓದಬಹುದಾದ, ಲೇಖಕರಿಂದಲೂ ಹಣ ಕೇಳದ ಪತ್ರಿಕೆ ಸಿಕ್ಕರೆ ಅದೇ ನನ್ನ ಮೊದಲ ಆಯ್ಕೆ, ಏಕೆಂದರೆ ಆ ತಕ್ಕರ ಮೊಮ್ಮಗಳು ಅದನ್ನು ಮೊಬೈಲಿನಲ್ಲಿ ಓದಬಲ್ಲಳು.

ಒಪ್ಪಿತ ಪತ್ರಿಕೆಗಳನ್ನು ಹೆಸರಿಸುತ್ತಿದ್ದ ಯುಜಿಸಿಯ ಕೇರ್ ಪಟ್ಟಿ 2025ರ ಫೆಬ್ರವರಿಯಲ್ಲಿ ನಿಂತುಹೋದ ಮೇಲೆ ಅನೇಕ ಕಿರಿಯ ಅಧ್ಯಾಪಕರು ದಿಕ್ಕುತಪ್ಪಿದ್ದಾರೆ. ಯಾವುದು ಒಳ್ಳೆಯ ಪತ್ರಿಕೆ ಎಂದು ಹೇಳುವ ಯುಜಿಸಿ ಪಟ್ಟಿ ಈಗ ಇಲ್ಲ, ನಾವೇ ನೋಡಿಕೊಳ್ಳಬೇಕು. ‘ಗೌರವಾನ್ವಿತ ಪ್ರಾಧ್ಯಾಪಕರೇ, ಐದು ದಿನದಲ್ಲಿ ಪ್ರಕಟಿಸುತ್ತೇವೆ’ ಎಂಬ ಇಮೇಲ್ ಬಂದರೆ ಅಳಿಸಿಹಾಕಿ. ಸಂಪಾದಕ ಮಂಡಳಿಯವರು ತಮ್ಮ ವಿಶ್ವವಿದ್ಯಾಲಯದ ಪುಟದಲ್ಲಿ ಆ ಪತ್ರಿಕೆಯನ್ನು ಹೆಸರಿಸಿದ್ದಾರೆಯೇ, ಮುಕ್ತ ಪತ್ರಿಕೆಗಳ ಅಂತರರಾಷ್ಟ್ರೀಯ ಸೂಚಿಯಾದ ಡಿಒಎಜೆಯಲ್ಲಿ ಅದು ಇದೆಯೇ, ಪ್ರಕಟಣೆಯ ನೀತಿಶಾಸ್ತ್ರದ ಸಮಿತಿಯಾದ ಕೋಪ್‌ನ ಸದಸ್ಯತ್ವ ಇದೆಯೇ ಎಂದು ನೋಡಿ. ಹಣ ಕೇಳುವುದೆಲ್ಲ ಮೋಸವಲ್ಲ. ಆದರೆ ಪರಾಮರ್ಶೆಗೆ ಮೊದಲೇ ಹಣ ಕೇಳಿದರೆ ಕೈಹಿಂದೆಗೆಯಿರಿ.

ಕಳಿಸುವ ಹೊತ್ತಿನ ಕೆಲಸಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಪದಮಿತಿ, ಉಲ್ಲೇಖದ ಶೈಲಿ ಅವರು ಹೇಳಿದಂತೆಯೇ ಇರಲಿ. ಪರಾಮರ್ಶಕರಿಗೂ ಲೇಖಕರಿಗೂ ಪರಸ್ಪರ ಗುರುತು ಸಿಗಬಾರದೆಂಬ ಪದ್ಧತಿ ಇದ್ದರೆ ಹೆಸರು ತೆಗೆದರಷ್ಟೇ ಸಾಲದು. ಕೃತಜ್ಞತೆಯ ಸಾಲು, ‘ನನ್ನ ಹಿಂದಿನ ಲೇಖನದಲ್ಲಿ’ ಎಂಬ ಮಾತು, ವರ್ಡ್ ಕಡತದ ಗುಣಲಕ್ಷಣಗಳಲ್ಲಿ ಉಳಿಯುವ ನಿಮ್ಮ ಹೆಸರು ಎಲ್ಲವೂ ಹೋಗಬೇಕು. ಒಂದೇ ಲೇಖನವನ್ನು ಏಕಕಾಲಕ್ಕೆ ಎರಡು ಕಡೆ ಕಳಿಸಬಾರದು. ಪಿಎಚ್.ಡಿ. ಪ್ರಬಂಧ ಭಾರತದ ಪ್ರಬಂಧಗಳ ಅಂತರ್ಜಾಲ ಸಂಗ್ರಹವಾದ ಶೋಧಗಂಗಾದಲ್ಲಿ ಏರಿದ್ದರೆ ಹೋಲಿಕೆ ತಪಾಸಣೆಯಲ್ಲಿ ಅದೇ ಮೇಲೆ ಬರುತ್ತದೆ. ಲೇಖನ ಆ ಪ್ರಬಂಧದಿಂದ ರೂಪುಗೊಂಡದ್ದು ಎಂದು ಸಂಪಾದಕರಿಗೆ ಬರೆಯುವ ಪತ್ರದಲ್ಲಿಯೇ ತಿಳಿಸಿ. ಭಾಷೆ ತಿದ್ದಲು ಕೃತಕ ಬುದ್ಧಿಮತ್ತೆಯ ಸಾಧನ ಬಳಸಿದ್ದರೆ ಪತ್ರಿಕೆಯ ನಿಯಮದಂತೆ ಘೋಷಿಸಿ. ಅಂಥ ಸಾಧನವನ್ನು ಲೇಖಕರ ಪಟ್ಟಿಯಲ್ಲಿ ಸೇರಿಸಬಾರದು ಎಂಬುದು 2023ರಿಂದ ಕೋಪ್‌ನ ನಿಲುವು. ಆದರೆ ಸಂದರ್ಶನಗಳ ಪೂರ್ಣಪಾಠವನ್ನು ಮಾತ್ರ ಅಂಥ ಸಾಧನಕ್ಕೆ ಕೊಡಬೇಡಿ. ಆ ಹಿರಿಯರು ಮಾತಾಡಿದ್ದು ನಿಮ್ಮನ್ನು ನಂಬಿ.

ಪರಾಮರ್ಶೆ ಬರಲು ತಿಂಗಳುಗಳೇ ಹಿಡಿಯುತ್ತವೆ. ‘ಮಹತ್ವದ ತಿದ್ದುಪಡಿ ಬೇಕು’ ಎಂದು ಬಂದರೆ ಅದು ಒಳ್ಳೆಯ ಸುದ್ದಿ. ಒಬ್ಬರು ಖಂಡಿತ ‘ಒಂದು ಊರಿನಿಂದ ಏನನ್ನು ಸಾಮಾನ್ಯೀಕರಿಸಬಹುದು?’ ಎಂದು ಕೇಳುತ್ತಾರೆ. ಆಗ ಬಿಟ್ಟ ಎರಡು ಊರುಗಳನ್ನು ಮತ್ತೆ ತುರುಕಲು ಹೋಗಬೇಡಿ. ಈ ಊರು ಎಲ್ಲ ಊರುಗಳ ಪ್ರತಿನಿಧಿ ಎಂದು ನೀವು ಹೇಳುತ್ತಿಲ್ಲ. ಒಂದು ಪದ ಹೇಗೆ ಕೆಲಸ ಮಾಡುತ್ತದೆ ಎಂದು ಹತ್ತಿರದಿಂದ ತೋರಿಸುತ್ತಿದ್ದೀರಿ. ಹಾಗೆಂದೇ ವಿನಯದಿಂದ ಉತ್ತರಿಸಿ. ಪ್ರತಿಯೊಂದು ಟಿಪ್ಪಣಿಗೂ ಏನು ತಿದ್ದಿದಿರಿ, ಯಾವ ಪುಟದಲ್ಲಿ, ತಿದ್ದದಿದ್ದರೆ ಏಕೆ ಎಂದು ಬರೆಯಿರಿ. ಬಂದ ದಿನವೇ ಉತ್ತರ ಬರೆಯಬೇಡಿ. ಒಂದು ವಾರ ಬಿಟ್ಟು ಓದಿದರೆ ಅದೇ ಟಿಪ್ಪಣಿ ಬೇರೆಯಾಗಿ ಕಾಣುತ್ತದೆ.

ಈಗ ಕಕ್ಕಡ ತಿಂಗಳು. ಮಳೆ ಬಿಡುವುದಿಲ್ಲ, ಶುಭಕಾರ್ಯಗಳೂ ಇಲ್ಲ, ಮನೆಗೆ ಬರುವವರೂ ಕಡಿಮೆ. ಕೊಡಗಿನಲ್ಲಿ ಬರೆಯಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಕಾಡಿನ ದಾರಿ ಒಣಗುವವರೆಗೆ ಕಾಯಬೇಕಾಗಿಯೂ ಇಲ್ಲ, ನಡಾವಳಿ ಪುಸ್ತಕ ಇರುವುದು ಕಾರ್ಯದರ್ಶಿಯವರ ಮನೆಯ ಕಪಾಟಿನಲ್ಲಿ. ಮೊದಲ ಎರಡು ಪುಟಗಳನ್ನು ಹೊಸದಾಗಿ, ಆ ನಿರ್ಣಯದಿಂದಲೇ ಆರಂಭಿಸಿ, ಕನ್ನಡದಲ್ಲಿ ಬರೆದು, ಸೆಪ್ಟೆಂಬರಿನ ಆರಂಭದಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದ ಒಳಗೆ ಕಳಿಸಿ. ಓದಿ ಹೇಳುತ್ತೇನೆ.